ಅತ್ತ ದರಿ, ಇತ್ತ ಪುಲಿ: ಬೆಟ್ಟಸೀಮೆಯ ಮತದಾರನ ಮುಂದಿರುವ ಎರಡು ಹೆಸರುಗಳು

ಅಮೆರಿಕ ಸಂಯುಕ್ತ ಸಂಸ್ಥಾನದ ವೆಸ್ಟ್ ವರ್ಜೀನಿಯಾ ಬೆಟ್ಟಗಳ ರಾಜ್ಯ. ಅಪಲೇಷಿಯನ್ ಪರ್ವತಶ್ರೇಣಿಯ ಮಡಿಕೆಗಳ ನಡುವೆ ಹರಡಿರುವ ಈ ನಾಡಿನಲ್ಲಿ ಬಯಲೆಂಬುದು ಅಪರೂಪ. ತೊರೆಯ ಬದಿಯ ಇಕ್ಕಟ್ಟಾದ ಜಾಗದಲ್ಲಿಯೇ ಮನೆ, ರಸ್ತೆ, ರೈಲುಹಳಿ, ಶಾಲೆ ಎಲ್ಲವೂ ಸಾಲಾಗಿ ನಿಂತಿರುತ್ತವೆ. ಬೆಟ್ಟದ ಒಡಲಲ್ಲಿ ಕಲ್ಲಿದ್ದಲಿದೆ. ಮೊದಮೊದಲು ಸುರಂಗ ಕೊರೆದು ಅದನ್ನು ಹೊರತೆಗೆಯುತ್ತಿದ್ದರು. ಕ್ರಮೇಣ ಸುರಂಗದ ತಂಟೆಯೇ ಬೇಡವೆಂದು ಬೆಟ್ಟದ ನೆತ್ತಿಯನ್ನೇ ಸಿಡಿಮದ್ದಿನಿಂದ ಹಾರಿಸಿ, ಪದರಪದರವಾಗಿ ಕಲ್ಲಿದ್ದಲನ್ನು ಬಾಚಿಕೊಂಡು, ಉಳಿದ ಬಂಡೆ ಮಣ್ಣುಗಳನ್ನು ಪಕ್ಕದ ಕಣಿವೆಗೆ ಸುರಿಯುವ ಪದ್ಧತಿ ಬೆಳೆಯಿತು. 1985ರಿಂದ 2001ರವರೆಗಿನ ಅವಧಿಯಲ್ಲಿ ಈ ರೀತಿ ಮಣ್ಣಿನಡಿ ಹೂತುಹೋದ ಅಪಲೇಷಿಯನ್ ತೊರೆಗಳ ಒಟ್ಟು ಉದ್ದ ಸಾವಿರ ಕಿಲೋಮೀಟರಿಗೂ ಅಧಿಕವೆಂಬುದು ಅಲ್ಲಿನ ಕೇಂದ್ರ ಸರಕಾರವೇ ಕೊಟ್ಟ ಲೆಕ್ಕ. ಕುದುರೆಮುಖದ ಗಣಿಯ ಹೂಳು ಭದ್ರೆಯ ಪಾಲಾಗುತ್ತಿದ್ದುದನ್ನು ಕಂಡವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಂತಹ ಕಣಿವೆಯ ಮತದಾರನು ನಾಲ್ಕು ವರ್ಷಕ್ಕೊಮ್ಮೆ ದೇಶದ ಅಧ್ಯಕ್ಷನನ್ನು ಆರಿಸಲು ಮತಗಟ್ಟೆಗೆ ಹೋಗುತ್ತಾನೆ. ಮತಪತ್ರದಲ್ಲಿ ನಾಲ್ಕಾರು ಹೆಸರುಗಳಿದ್ದರೂ ಗೆಲ್ಲಬಲ್ಲವು ಎರಡೇ: ಡೆಮಾಕ್ರಟಿಕ್ ಪಕ್ಷದ ಒಂದು, ರಿಪಬ್ಲಿಕನ್ ಪಕ್ಷದ ಒಂದು. ಬೆಟ್ಟ ಉಳಿಯಬೇಕು, ತೊರೆ ಹರಿಯಬೇಕು ಎಂದು ಬಯಸುವವನಿಗೆ ಇವೆರಡೂ ಒಲ್ಲದ ಹೆಸರುಗಳಾಗಿ ಒದಗಿಬಂದದ್ದು ಅನೇಕ ಸಲ. ಹಾಗಾದಾಗ ಅವನು ಏನು ಮಾಡಬೇಕು? ಕಡಿಮೆ ಕೆಡುಕಿನವನಿಗೆ ಮತ ಹಾಕಬೇಕೆ, ಗೆಲ್ಲಲಾರದ ಒಳ್ಳೆಯವನಿಗೆ ಹಾಕಬೇಕೆ, ಅಥವಾ ಮನೆಯಲ್ಲಿಯೇ ಉಳಿಯಬೇಕೆ? ಅಮೆರಿಕದ ಪರಿಸರ ಚಳವಳಿಯನ್ನು ಕಾಲು ಶತಮಾನದಿಂದ ಒಡೆದು ಹಂಚಿರುವ ಪ್ರಶ್ನೆ ಇದು.

ಎರಡೂ ಪಕ್ಷಗಳು ಒಂದೇ ಎನ್ನುವವರ ಮಾತಿನಲ್ಲಿ ಹುರುಳಿಲ್ಲವೆನ್ನಲಾಗದು. 1999ರ ಅಕ್ಟೋಬರಿನಲ್ಲಿ ವೆಸ್ಟ್ ವರ್ಜೀನಿಯಾದ ಕೇಂದ್ರ ನ್ಯಾಯಾಲಯವೊಂದರ ನ್ಯಾಯಾಧೀಶರಾದ ಚಾರ್ಲ್ಸ್ ಹೇಡನ್ ಅವರು, ಹರಿಯುವ ತೊರೆಗಳಿಗೆ ಗಣಿಯ ಮಣ್ಣನ್ನು ಸುರಿಯುವುದು ಕಾನೂನಿಗೆ ವಿರುದ್ಧವೆಂದು ತೀರ್ಪಿತ್ತರು. ಈ ತೀರ್ಪನ್ನು ನಿಷ್ಫಲಗೊಳಿಸಲು ಸಂಸತ್ತಿನಲ್ಲಿ ಮುಂದಾದವರು ಅದೇ ರಾಜ್ಯದ ಸೆನೆಟರ್ ರಾಬರ್ಟ್ ಬರ್ಡ್, ಡೆಮಾಕ್ರಟಿಕ್ ಪಕ್ಷದ ಹಿರಿಯ ನಾಯಕರು. ಅವರ ಯತ್ನ ಫಲಿಸಲಿಲ್ಲ. ಆದರೆ 2000ದ ಏಪ್ರಿಲಿನಲ್ಲಿ ಬಿಲ್ ಕ್ಲಿಂಟನ್ ಸರಕಾರವೇ ಗಣಿಯ ತ್ಯಾಜ್ಯವನ್ನು ‘ತುಂಬುಮಣ್ಣು’ ಎಂದು ಪರಿಗಣಿಸಲು ಅನುವಾಗುವ ನಿಯಮದ ಕರಡನ್ನು ಪ್ರಕಟಿಸಿತು. ಆಗಿನ ಉಪಾಧ್ಯಕ್ಷರು ಯಾರು? ಪರಿಸರದ ಕುರಿತು ಪುಸ್ತಕ ಬರೆದು ಹೆಸರಾದ ಅಲ್ ಗೋರ್. ಆ ಕರಡನ್ನು 2002ರ ಮೇ ತಿಂಗಳಿನಲ್ಲಿ ಅಂತಿಮಗೊಳಿಸಿದವರು ರಿಪಬ್ಲಿಕನ್ ಅಧ್ಯಕ್ಷ ಜಾರ್ಜ್ ಬುಷ್. ಒಬ್ಬರು ಉತ್ತ ಗದ್ದೆಯಲ್ಲಿ ಇನ್ನೊಬ್ಬರು ನಾಟಿ ಮಾಡಿದರು. ಹವಾಮಾನದ ವಿಷಯದಲ್ಲಿಯೂ ಅಷ್ಟೆ: ಬಡ ದೇಶಗಳಿಗೆ ಕಟ್ಟುಪಾಡು ಇಲ್ಲದ ಯಾವ ಒಪ್ಪಂದಕ್ಕೂ ಅಮೆರಿಕ ಸಹಿ ಹಾಕಕೂಡದೆಂಬ ನಿರ್ಣಯವು 1997ರ ಜುಲೈನಲ್ಲಿ ಸೆನೆಟಿನಲ್ಲಿ 95-0 ಮತಗಳಿಂದ ಅಂಗೀಕಾರವಾಯಿತು. ಅದನ್ನು ಮಂಡಿಸಿದ ಇಬ್ಬರಲ್ಲಿ ಒಬ್ಬರು ಇದೇ ಬರ್ಡ್. ಒಂದೇ ಒಂದು ವಿರೋಧದ ಮತವೂ ಎರಡು ಪಕ್ಷಗಳ ಯಾವ ಮೂಲೆಯಿಂದಲೂ ಬರಲಿಲ್ಲ.

ಈ ಹಿನ್ನೆಲೆಯಲ್ಲಿ 2000ದ ಅಧ್ಯಕ್ಷ ಚುನಾವಣೆ ನಡೆಯಿತು. ಗ್ರಾಹಕರ ಹಕ್ಕುಗಳಿಗಾಗಿ ದಶಕಗಳ ಕಾಲ ಹೋರಾಡಿದ ರಾಲ್ಫ್ ನೇಡರ್ ಅವರು ಗ್ರೀನ್ ಪಕ್ಷದ ಅಭ್ಯರ್ಥಿಯಾಗಿ ನಿಂತರು. ಗೋರ್ ಮತ್ತು ಬುಷ್ ಇಬ್ಬರೂ ಒಂದೇ ಬಗೆಯ ಕಂಪೆನಿಗಳ ಹಂಗಿನಲ್ಲಿರುವವರು ಎಂಬುದು ಅವರ ಪ್ರಚಾರದ ತಿರುಳು. ದೇಶದಾದ್ಯಂತ ಶೇಕಡಾ 5ರಷ್ಟು ಮತ ಗಳಿಸಿದರೆ ಮುಂದಿನ ಚುನಾವಣೆಗೆ ಪಕ್ಷಕ್ಕೆ ಸರಕಾರದ ಧನಸಹಾಯ ಸಿಗುತ್ತದೆಂಬ ಲೆಕ್ಕಾಚಾರವೂ ಇತ್ತು. ದೊರೆತದ್ದು ಶೇಕಡಾ 2.7, ಅಂದರೆ ಸುಮಾರು 29 ಲಕ್ಷ ಮತಗಳು. ಫ್ಲೋರಿಡಾದಲ್ಲಿ ಬುಷ್ ಗೆದ್ದ ಅಂತರ ಕೇವಲ 537 ಮತಗಳು. ಅಲ್ಲಿ ನೇಡರ್ ಪಡೆದದ್ದು 97,488. ದೇಶದ ಒಟ್ಟು ಮತಗಳಲ್ಲಿ ಐದು ಲಕ್ಷಕ್ಕೂ ಹೆಚ್ಚಿನಷ್ಟು ಮುಂದಿದ್ದ ಗೋರ್ ಸೋತರು. ಅಧಿಕಾರಕ್ಕೆ ಬಂದ ಎರಡೇ ತಿಂಗಳಲ್ಲಿ, 2001ರ ಮಾರ್ಚ್‌ನಲ್ಲಿ, ಬುಷ್ ಸರಕಾರ ಕ್ಯೋಟೋ ಒಪ್ಪಂದದಿಂದ ಹಿಂದೆ ಸರಿಯಿತು.

ಅಂದಿನಿಂದ ನೇಡರ್ ಅವರ ಹೆಸರು ಡೆಮಾಕ್ರಟಿಕ್ ಪಕ್ಷದ ಬೈಗುಳವಾಗಿಬಿಟ್ಟಿದೆ. ಆದರೆ ಈ ಕಥೆಗೆ ಇನ್ನೊಂದು ಮಗ್ಗುಲಿದೆ, ಅದು ಬೆಟ್ಟಸೀಮೆಯದು, ಆದುದರಿಂದಲೇ ಹೆಚ್ಚು ಜನ ಅದನ್ನು ಹೇಳುವುದಿಲ್ಲ. ಚುನಾಯಕ ಮಂಡಳಿಯಲ್ಲಿ ಬುಷ್ ಗೆದ್ದದ್ದು 271-266ರಿಂದ. ವೆಸ್ಟ್ ವರ್ಜೀನಿಯಾದ ಪಾಲು ಐದು ಮತಗಳು. 1928ರಿಂದೀಚೆಗೆ ಆ ರಾಜ್ಯ, ಆಗಲೇ ಅಧಿಕಾರದಲ್ಲಿದ್ದ ಅಧ್ಯಕ್ಷರ ಹೊರತಾಗಿ, ಯಾವ ರಿಪಬ್ಲಿಕನ್ ಅಭ್ಯರ್ಥಿಗೂ ಒಲಿದಿರಲಿಲ್ಲ. 2000ದಲ್ಲಿ ಬುಷ್‌ಗೆ ಒಲಿಯಿತು. ಅಂತರ ಶೇಕಡಾ 6ರಷ್ಟು. ಅಲ್ಲಿ ನೇಡರ್ ಪಡೆದ ಮತಗಳೆಲ್ಲ ಗೋರ್‌ಗೆ ಸೇರಿದ್ದರೂ ಫಲಿತಾಂಶ ಬದಲಾಗುತ್ತಿರಲಿಲ್ಲ. ಗೋರ್ ಆ ಐದು ಮತಗಳನ್ನು ಉಳಿಸಿಕೊಂಡಿದ್ದರೆ ಫ್ಲೋರಿಡಾದ ಗೊಂದಲವೇ ಅಪ್ರಸ್ತುತವಾಗುತ್ತಿತ್ತು. ತಮ್ಮ ನೆಲದ ಕಾರ್ಮಿಕರಿಗೆ ಕಲ್ಲಿದ್ದಲಿನ ನಂತರದ ಬದುಕೇನೆಂದು ಡೆಮಾಕ್ರಟಿಕ್ ಪಕ್ಷ ಹೇಳಲಿಲ್ಲ, ತೊರೆಗಳನ್ನೂ ಕಾಯಲಿಲ್ಲ. ಇತ್ತ ಗಣಿಯವರೂ ಅತ್ತ ಪರಿಸರದವರೂ ಅದರ ಕೈಬಿಟ್ಟರೆ ಆಶ್ಚರ್ಯವೇನು?

ಹಾಗಾದರೆ ‘ಎರಡೂ ಒಂದೇ’ ಎಂಬ ಮಾತು ಸಿದ್ಧವಾಯಿತೆ? ಇಲ್ಲ. ನಂತರದ ವರ್ಷಗಳ ಕಡತಗಳನ್ನು ತೆರೆದು ನೋಡಿದರೆ ಸಾಕು. 2011ರ ಜನವರಿಯಲ್ಲಿ ಒಬಾಮಾ ಸರಕಾರದ ಪರಿಸರ ಸಂರಕ್ಷಣಾ ಇಲಾಖೆಯು ವೆಸ್ಟ್ ವರ್ಜೀನಿಯಾದ ಸ್ಪ್ರೂಸ್ ಗಣಿಗೆ ಅದಾಗಲೇ ದೊರೆತಿದ್ದ ಪರವಾನಗಿಯನ್ನು ತಡೆಹಿಡಿಯಿತು. 2016ರ ಡಿಸೆಂಬರಿನಲ್ಲಿ ತೊರೆಗಳ ರಕ್ಷಣೆಗೆಂದೇ ಹೊಸ ನಿಯಮ ಹೊರಬಂತು. ಬಹಳ ತಡವಾಗಿ ಬಂತು, ಅಧಿಕಾರ ಬಿಟ್ಟುಕೊಡಲು ಒಂದು ತಿಂಗಳಿರುವಾಗ. 2017ರ ಫೆಬ್ರವರಿ 16ರಂದು ಡೊನಾಲ್ಡ್ ಟ್ರಂಪ್ ಅವರ ಸಹಿಯಿಂದ ಅದು ರದ್ದಾಯಿತು. ಎರಡೂ ಪಕ್ಷಗಳಿಗೆ ಕಲ್ಲಿದ್ದಲಿನ ಹಂಗಿದ್ದರೂ ಅವೆರಡರ ನಡುವೆ ಒಂದು ತೊರೆಯಷ್ಟು ಅಂತರವಿತ್ತು. ಆ ತೊರೆಯ ದಂಡೆಯಲ್ಲಿ ಬದುಕುವವನಿಗೆ ಅದು ಸಣ್ಣ ಅಂತರವಲ್ಲ.

ಇಷ್ಟಕ್ಕೂ ಹೆಸರುಗಳು ಎರಡೇ ಏಕೆ? ಅಮೆರಿಕದ ಸಂವಿಧಾನದಲ್ಲಿ ಪಕ್ಷಗಳ ಪ್ರಸ್ತಾಪವೇ ಇಲ್ಲ. ಅದನ್ನು ಎರಡು ಪಕ್ಷಗಳ ನಾಡಾಗಿಸಿರುವುದು ಮತ ಎಣಿಸುವ ರೀತಿ. ಒಬ್ಬನೇ ಗೆಲ್ಲುವ ಸ್ಥಾನಕ್ಕೆ ಯಾರಿಗೆ ಹೆಚ್ಚು ಮತವೋ ಅವನೇ ಗೆದ್ದನೆಂದು ನಿಯಮವಿದ್ದರೆ, ಮೂರನೆಯವನಿಗೆ ಹಾಕಿದ ಮತ ವ್ಯರ್ಥವೆಂಬ ಭಯ ಮತದಾರನನ್ನು ಕ್ರಮೇಣ ಎರಡು ದೊಡ್ಡ ಗುಂಪುಗಳೊಳಗೆ ತಳ್ಳುತ್ತದೆ ಎಂದು ಫ್ರಾನ್ಸಿನ ವಿದ್ವಾಂಸ ಮಾರಿಸ್ ದುವರ್ಜೆ 1950ರ ದಶಕದಲ್ಲಿಯೇ ವಿವರಿಸಿದ್ದರು. ಅದರ ಮೇಲೆ ಚುನಾಯಕ ಮಂಡಳಿಯ ಏರ್ಪಾಡು ಬೇರೆ. ಒಟ್ಟು 538 ಮತಗಳು, ಗೆಲ್ಲಲು 270 ಬೇಕು. ಮೇನ್ ಮತ್ತು ನೆಬ್ರಾಸ್ಕ ಎಂಬ ಎರಡು ರಾಜ್ಯಗಳನ್ನು ಬಿಟ್ಟರೆ ಉಳಿದೆಡೆಗಳಲ್ಲಿ ಒಂದು ಮತದಿಂದ ಮುಂದಿದ್ದರೂ ಆ ರಾಜ್ಯದ ಎಲ್ಲ ಮತಗಳು ಅವನವೇ. 1992ರಲ್ಲಿ ರಾಸ್ ಪೆರೋ ಎಂಬ ಉದ್ಯಮಿ ಪಕ್ಷದ ಬೆಂಬಲವಿಲ್ಲದೆ ನಿಂತು ಶೇಕಡಾ 19ರಷ್ಟು, ಅಂದರೆ ಸುಮಾರು ಎರಡು ಕೋಟಿ ಜನರ ಮತ ಪಡೆದರು. ಚುನಾಯಕ ಮಂಡಳಿಯಲ್ಲಿ ಅವರಿಗೆ ಸಿಕ್ಕಿದ್ದು ಸೊನ್ನೆ.

ಎರಡು ಹೆಸರುಗಳನ್ನು ಆರಿಸುವವರು ಯಾರು ಎಂಬುದನ್ನು ಕೇಳಿದಾಗ ವಿಷಯ ಇನ್ನಷ್ಟು ತಿಳಿಯಾಗುತ್ತದೆ. 2016ರಲ್ಲಿ ಮತದಾನದ ಅರ್ಹತೆಯುಳ್ಳವರು ಸುಮಾರು 23 ಕೋಟಿ. ಪಕ್ಷಗಳ ಒಳಗಿನ ಪ್ರಾಥಮಿಕ ಚುನಾವಣೆಗಳಲ್ಲಿ ಟ್ರಂಪ್ ಪಡೆದದ್ದು 1 ಕೋಟಿ 40 ಲಕ್ಷದಷ್ಟು ಮತಗಳು, ಹಿಲರಿ ಕ್ಲಿಂಟನ್ 1 ಕೋಟಿ 70 ಲಕ್ಷದಷ್ಟು. ಅಂದರೆ ಏಳೆಂಟು ಜನರಲ್ಲಿ ಒಬ್ಬರು ಆರಿಸಿದ ಎರಡು ಹೆಸರುಗಳನ್ನು ಉಳಿದವರ ಮುಂದೆ ಇಡಲಾಯಿತು. ಆ ವರ್ಷದ ಚುನಾವಣೆಯ ಮುನ್ನಾದಿನಗಳಲ್ಲಿ ಗ್ಯಾಲಪ್ ಸಂಸ್ಥೆ ನಡೆಸಿದ ಸಮೀಕ್ಷೆಯಲ್ಲಿ ಟ್ರಂಪ್ ಬಗ್ಗೆ ಶೇಕಡಾ 61 ಮಂದಿ, ಕ್ಲಿಂಟನ್ ಬಗ್ಗೆ ಶೇಕಡಾ 52 ಮಂದಿ ಪ್ರತಿಕೂಲ ಅಭಿಪ್ರಾಯ ತಿಳಿಸಿದರು. ಮತ ಹಾಕಿ ಹೊರಬಂದವರಲ್ಲಿ ಶೇಕಡಾ 18 ಮಂದಿ ಇಬ್ಬರನ್ನೂ ಒಲ್ಲದವರು. ಅವರಲ್ಲಿ ಹೆಚ್ಚಿನವರು ಟ್ರಂಪ್ ಕಡೆಗೆ ವಾಲಿದರು. ಒಲ್ಲದ ಇಬ್ಬರಲ್ಲಿ ಅಧಿಕಾರದ ಸಮೀಪ ಇಲ್ಲದವರನ್ನು ಪರೀಕ್ಷಿಸಿ ನೋಡೋಣವೆಂಬುದು ಮನುಷ್ಯಸಹಜ. 2024ರಲ್ಲಿ ಆಯ್ಕೆಯ ಬಾಗಿಲು ಇನ್ನೂ ಕಿರಿದಾಯಿತು: ಹಾಲಿ ಅಧ್ಯಕ್ಷ ಜೋ ಬೈಡನ್ ಹೆಸರಿಗೆ ಮಾತ್ರದ ಸ್ಪರ್ಧೆಯಲ್ಲಿ ಪ್ರಾಥಮಿಕ ಚುನಾವಣೆಗಳನ್ನು ಗೆದ್ದು, ಜುಲೈ 21ರಂದು ಕಣದಿಂದ ಹಿಂದೆ ಸರಿದರು. ಅವರ ಜಾಗಕ್ಕೆ ಬಂದ ಕಮಲಾ ಹ್ಯಾರಿಸ್ ಆ ವರ್ಷ ಯಾವ ಪ್ರಾಥಮಿಕ ಚುನಾವಣೆಯನ್ನೂ ಎದುರಿಸಲಿಲ್ಲ. ನವೆಂಬರಿನಲ್ಲಿ ಟ್ರಂಪ್ 312-226ರಿಂದ ಗೆದ್ದರು.

ವೆಸ್ಟ್ ವರ್ಜೀನಿಯಾದ 55 ಜಿಲ್ಲೆಗಳ ವೃತ್ತಾಂತ ಇಲ್ಲಿ ನೆನಪಿಡತಕ್ಕದ್ದು. 2012ರ ಮೇ ತಿಂಗಳ ಡೆಮಾಕ್ರಟಿಕ್ ಪ್ರಾಥಮಿಕ ಚುನಾವಣೆಯಲ್ಲಿ ಹಾಲಿ ಅಧ್ಯಕ್ಷ ಒಬಾಮಾ ವಿರುದ್ಧ ನಿಂತಿದ್ದವನು ಟೆಕ್ಸಾಸಿನ ಸೆರೆಮನೆಯಲ್ಲಿ ಶಿಕ್ಷೆ ಅನುಭವಿಸುತ್ತಿದ್ದ ಒಬ್ಬ ಕೈದಿ. ಅವನಿಗೆ ಬಿದ್ದ ಮತ ಶೇಕಡಾ 41! ಯಾರನ್ನಾದರೂ ಸರಿ, ಇವರೊಬ್ಬರನ್ನು ಬಿಟ್ಟು ಎಂಬ ಸಿಟ್ಟಿನ ಮೊತ್ತವದು. 2016ರ ಮೇ ತಿಂಗಳಿನಲ್ಲಿ ಅದೇ ಪಕ್ಷದ ಪ್ರಾಥಮಿಕ ಚುನಾವಣೆಯಲ್ಲಿ, ಕಂಪೆನಿಗಳ ಹಣವನ್ನು ಖಂಡಿಸುತ್ತಿದ್ದ, ತಮ್ಮನ್ನು ಸಮಾಜವಾದಿಯೆಂದು ಕರೆದುಕೊಳ್ಳುವ ಬರ್ನಿ ಸ್ಯಾಂಡರ್ಸ್ 55 ಜಿಲ್ಲೆಗಳಲ್ಲಿಯೂ ಮುಂದಿದ್ದರು. ಆರು ತಿಂಗಳ ತರುವಾಯ ಅದೇ 55 ಜಿಲ್ಲೆಗಳಲ್ಲಿಯೂ ಟ್ರಂಪ್ ಮುಂದಿದ್ದರು, ಶೇಕಡಾ 68ರಷ್ಟು ಮತಗಳೊಡನೆ. ಎರಡು ಚುನಾವಣೆಗಳಲ್ಲಿ ಮತ ಹಾಕಿದವರೆಲ್ಲ ಒಂದೇ ಜನರಲ್ಲ ಎಂಬುದು ನಿಜ. ಆದರೂ ಬೆಟ್ಟದ ಜನ ಕಲ್ಲಿದ್ದಲಿಗೆ ಮಾರುಹೋದ ಮೂಢರು ಎಂದು ನಗರಗಳಲ್ಲಿ ಕುಳಿತು ಹೇಳುವವರು ಈ ಎರಡು ಫಲಿತಾಂಶಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡುವುದು ಒಳಿತು.

ಆ ವರ್ಷದ ಮಾರ್ಚ್‌ನಲ್ಲಿ ಕ್ಲಿಂಟನ್ ಅವರು, ಅನೇಕ ಕಲ್ಲಿದ್ದಲು ಕಾರ್ಮಿಕರನ್ನೂ ಕಂಪೆನಿಗಳನ್ನೂ ತಾವು ಕೆಲಸದಿಂದ ಹೊರಹಾಕಲಿದ್ದೇವೆ ಎಂಬರ್ಥದ ಮಾತನ್ನಾಡಿದ್ದರು. ಆ ಜನರಿಗೆ ಬದಲಿ ಉದ್ಯೋಗ ಕಲ್ಪಿಸಬೇಕೆಂಬುದೇ ಅವರ ಮಾತಿನ ಉದ್ದೇಶವಾಗಿತ್ತಾದರೂ, ಕಣಿವೆಗಳಿಗೆ ಮುಟ್ಟಿದ್ದು ಮೊದಲ ಅರ್ಧ ಮಾತ್ರ. ಟ್ರಂಪ್ ಕಲ್ಲಿದ್ದಲಿನ ಕೆಲಸಗಳನ್ನು ಮರಳಿ ತರುವೆನೆಂದರು. ಕೆಲಸಗಳು ಮರಳಲಿಲ್ಲ, ಮರಳುವಂತೆಯೂ ಇರಲಿಲ್ಲ. 1950ರ ಸುಮಾರಿಗೆ ಲಕ್ಷಕ್ಕೂ ಮಿಕ್ಕಿದ್ದ ರಾಜ್ಯದ ಗಣಿ ಕಾರ್ಮಿಕರು 2016ರ ವೇಳೆಗೆ ಇಪ್ಪತ್ತು ಸಾವಿರಕ್ಕೂ ಕೆಳಗಿಳಿದಿದ್ದರು. ಅವರ ಕೆಲಸವನ್ನು ಹೆಚ್ಚಾಗಿ ಕಿತ್ತುಕೊಂಡದ್ದು ಯಂತ್ರಗಳು, ಬೆಟ್ಟ ಹಾರಿಸುವ ಸಿಡಿಮದ್ದು, ಆಮೇಲೆ ಅಗ್ಗದ ನೈಸರ್ಗಿಕ ಅನಿಲ. ಸುರಂಗದಲ್ಲಿ ನೂರು ಜನ ಮಾಡುತ್ತಿದ್ದ ಕೆಲಸವನ್ನು ಬೆಟ್ಟದ ನೆತ್ತಿಯ ಮೇಲೆ ದೈತ್ಯಯಂತ್ರವೊಂದರಿಂದ ಕೆಲವೇ ಜನ ಮುಗಿಸುತ್ತಾರೆ. ಬೆಟ್ಟವನ್ನೂ ಕೂಲಿಯನ್ನೂ ಕಳೆದದ್ದು ಒಂದೇ ಕೈ ಎಂಬ ಸತ್ಯವನ್ನು ಎರಡು ಪಕ್ಷಗಳ ಅಭ್ಯರ್ಥಿಗಳಲ್ಲಿ ಯಾರೂ ಆ ಕಣಿವೆಗಳಲ್ಲಿ ನಿಂತು ಮನಮುಟ್ಟುವಂತೆ ಹೇಳಲಿಲ್ಲ.

ಇಂತಹ ಸ್ಥಿತಿಯಲ್ಲಿ ಮತದ ಬೆಲೆಯೂ ಊರಿನಿಂದೂರಿಗೆ ಬೇರೆಯಾಗುತ್ತದೆ. ಒಂದು ಪಕ್ಷ ಶೇಕಡಾ 40ರಷ್ಟು ಮುಂದಿರುವ ವೆಸ್ಟ್ ವರ್ಜೀನಿಯಾದಲ್ಲಿ ಇಂದು ಯಾರಾದರೂ ಗ್ರೀನ್ ಪಕ್ಷಕ್ಕೆ ಮತ ಹಾಕಿದರೆ ಯಾರ ಗೆಲುವೂ ಕದಲುವುದಿಲ್ಲ, ಅಲ್ಲಿ ಅದು ಶುದ್ಧ ಅಭಿಪ್ರಾಯ. ಗಡಿಯಾಚೆಗಿನ ಪೆನ್ಸಿಲ್ವೇನಿಯಾದ ಬೆಟ್ಟದೂರುಗಳಲ್ಲಿ ಹಾಗಲ್ಲ. 2016ರಲ್ಲಿ ಆ ರಾಜ್ಯವನ್ನು ಟ್ರಂಪ್ ಗೆದ್ದದ್ದು 44 ಸಾವಿರ ಮತಗಳಿಂದ; ಮಿಷಿಗನ್ ರಾಜ್ಯವನ್ನು 11 ಸಾವಿರಕ್ಕೂ ಕಡಿಮೆ ಮತಗಳಿಂದ. ಅಲ್ಲಿ ಒಲ್ಲದ ಇಬ್ಬರಲ್ಲಿ ಯಾರೊಡನೆ ಮುಂದಿನ ನಾಲ್ಕು ವರ್ಷ ಜಗಳವಾಡುವುದು ಸಾಧ್ಯ, ಯಾರ ಕಚೇರಿಯ ಬಾಗಿಲು ಅಹವಾಲಿಗೆ ಒಂದಿಷ್ಟಾದರೂ ತೆರೆದೀತು ಎಂಬುದನ್ನು ನೋಡಿ ಮತ ಹಾಕದೆ ಗತ್ಯಂತರವಿಲ್ಲ. ಅದನ್ನು ಮೆಚ್ಚುಗೆಯ ಮುದ್ರೆಯೆಂದು ಭಾವಿಸಬೇಕಿಲ್ಲ. ಮನಸ್ಸಾಕ್ಷಿಯ ಹೆಸರಿನಲ್ಲಿ ಆ ಲೆಕ್ಕವನ್ನೇ ಮಾಡೆನೆನ್ನುವವರು, ತಮ್ಮ ಮನಸ್ಸಾಕ್ಷಿಯ ಬೆಲೆಯನ್ನು ಬೇರೊಂದು ಕಣಿವೆಯ ಜನರಿಂದ ಕಟ್ಟಿಸುತ್ತಾರೆ.

ಒಂದೇ ಮತದಲ್ಲಿ ಎರಡು ಮಾತು ಹೇಳಲು ಅವಕಾಶವಿದ್ದರೆ ಈ ಇಕ್ಕಟ್ಟೇ ಇರುತ್ತಿರಲಿಲ್ಲ. ಅಂತಹ ಪದ್ಧತಿ ಇದೆ, ಕರ್ನಾಟಕದ ಪದವೀಧರರಿಗೆ ಅದು ಪರಿಚಿತವೂ ಹೌದು. ವಿಧಾನ ಪರಿಷತ್ತಿನ ಪದವೀಧರ ಮತ್ತು ಶಿಕ್ಷಕರ ಕ್ಷೇತ್ರಗಳಲ್ಲಿ ಮತದಾರರು ಹೆಸರುಗಳ ಮುಂದೆ 1, 2, 3 ಎಂದು ಪ್ರಾಶಸ್ತ್ಯ ಬರೆಯುತ್ತಾರೆ. ಯಾರಿಗೂ ಅಗತ್ಯದಷ್ಟು ಮತ ಬಾರದಿದ್ದರೆ ಕೊನೆಯವರನ್ನು ಕೈಬಿಟ್ಟು ಅವರ ಮತಗಳನ್ನು ಎರಡನೆಯ ಪ್ರಾಶಸ್ತ್ಯದಂತೆ ಹಂಚಲಾಗುತ್ತದೆ. ಭಾರತದ ರಾಷ್ಟ್ರಪತಿಯ ಆಯ್ಕೆಯೂ ಹೀಗೆಯೇ. 1969ರಲ್ಲಿ ವಿ.ವಿ. ಗಿರಿ ಅವರು ನೀಲಂ ಸಂಜೀವ ರೆಡ್ಡಿ ಅವರನ್ನು ಸೋಲಿಸಿದ್ದು ಎರಡನೆಯ ಪ್ರಾಶಸ್ತ್ಯದ ಮತಗಳನ್ನು ಎಣಿಸಿದ ಮೇಲೆ. ಫ್ಲೋರಿಡಾದಲ್ಲಿ ಈ ಕ್ರಮವಿದ್ದಿದ್ದರೆ ನೇಡರ್ ಹೆಸರಿನ ಮುಂದೆ 1 ಎಂದೂ ಗೋರ್ ಹೆಸರಿನ ಮುಂದೆ 2 ಎಂದೂ ಬರೆದು ಜನ ನಿಶ್ಚಿಂತೆಯಿಂದ ಮನೆಗೆ ಹೋಗಬಹುದಿತ್ತು. ಭಾರತದಲ್ಲಿ 2013ರ ಸರ್ವೋಚ್ಚ ನ್ಯಾಯಾಲಯದ ತೀರ್ಪಿನಿಂದ ಬಂದ ‘ನೋಟಾ’ ಈ ಕೆಲಸ ಮಾಡದು. ಅದು ಬೇಸರವನ್ನು ದಾಖಲಿಸುತ್ತದೆ, ಗೆಲ್ಲುವವನನ್ನು ಬದಲಿಸುವುದಿಲ್ಲ.

ಅಮೆರಿಕದಲ್ಲಿ ಮೇನ್ ರಾಜ್ಯದ ಜನ 2016ರ ಜನಮತಗಣನೆಯಲ್ಲಿ ಪ್ರಾಶಸ್ತ್ಯ ಮತವನ್ನು ತಂದುಕೊಂಡರು. 2020ರಲ್ಲಿ ಅಧ್ಯಕ್ಷರ ಆಯ್ಕೆಗೂ ಅದನ್ನು ಬಳಸಿದರು. ಅಲಾಸ್ಕಾ 2020ರಲ್ಲಿ ಒಪ್ಪಿತು. ರದ್ದುಪಡಿಸುವ ಯತ್ನ 2024ರಲ್ಲಿ ಕೂದಲೆಳೆಯ ಅಂತರದಿಂದ ಸೋತಿತು. ಅದೇ ದಿನ ಆರೆಗಾನ್, ಕೊಲೊರಾಡೊ ಮುಂತಾದ ರಾಜ್ಯಗಳಲ್ಲಿ ಪ್ರಾಶಸ್ತ್ಯ ಮತದ ಪ್ರಸ್ತಾವಗಳು ಬಿದ್ದುಹೋದವು. ಎರಡು ಪಕ್ಷಗಳೂ ತಮ್ಮ ಗುತ್ತಿಗೆಯನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಆದರೆ ಎಣಿಕೆಯ ನಿಯಮ ರಾಜ್ಯಗಳ ಕೈಯಲ್ಲಿದೆ, ಅದನ್ನು ಬದಲಿಸುವ ಹೋರಾಟ ಅಧ್ಯಕ್ಷ ಚುನಾವಣೆಯ ವರ್ಷಕ್ಕೆ ಕಾಯಬೇಕಿಲ್ಲ.

ಮತ ಹಾಕಿದ ಮೇಲಿನ ಕೆಲಸವೇ ಹೆಚ್ಚಿನದು. ಕಡಿಮೆ ಕೆಡುಕಿನವನೆಂದು ಗೆಲ್ಲಿಸಿದವನು ತನ್ನಷ್ಟಕ್ಕೆ ಒಳ್ಳೆಯವನಾಗುವುದಿಲ್ಲ. 2022ರಲ್ಲಿ ಬೈಡನ್ ಸರಕಾರ ಶುದ್ಧ ಇಂಧನಕ್ಕೆ ಭಾರೀ ನೆರವು ನೀಡುವ ಕಾನೂನು ತಂದಿತು. ಸೆನೆಟಿನಲ್ಲಿ ಸಮಬಲವಿದ್ದುದರಿಂದ ವೆಸ್ಟ್ ವರ್ಜೀನಿಯಾದ ಡೆಮಾಕ್ರಟಿಕ್ ಸೆನೆಟರ್ ಜೋ ಮ್ಯಾನ್ಚಿನ್ ಅವರ ಒಪ್ಪಿಗೆ ಇಲ್ಲದೆ ಅದು ಸಾಗುವಂತಿರಲಿಲ್ಲ. ಮರುವರ್ಷದ ಜೂನ್‌ನಲ್ಲಿ, ಸರಕಾರದ ಸಾಲದ ಮಿತಿ ಏರಿಸುವ ಕಾನೂನಿನೊಳಗೆ, ಆ ರಾಜ್ಯದ ಬೆಟ್ಟಗಳನ್ನು ಸೀಳಿ ವರ್ಜೀನಿಯಾಕ್ಕೆ ಸಾಗುವ ಮೌಂಟನ್ ವ್ಯಾಲಿ ಅನಿಲ ಕೊಳವೆಮಾರ್ಗಕ್ಕೆ ಅನುಮತಿ ಕೊಡಲೇಬೇಕೆಂಬ ಕಟ್ಟಳೆ ಸೇರಿಕೊಂಡಿತು. ವರ್ಷಗಟ್ಟಲೆ ನ್ಯಾಯಾಲಯದಲ್ಲಿ ಅದನ್ನು ತಡೆದು ನಿಲ್ಲಿಸಿದ್ದ ಬೆಟ್ಟದ ಹಳ್ಳಿಗಳವರ ಕೈಕಟ್ಟಿಹೋಯಿತು. ಶುದ್ಧ ಇಂಧನದ ಆ ನೆರವಿನ ಬಹುಭಾಗವನ್ನು 2025ರ ಜುಲೈನಲ್ಲಿ ಟ್ರಂಪ್ ಸಹಿ ಹಾಕಿದ ಕಾನೂನು ಮೊಟಕುಗೊಳಿಸಿತು. ಕೊಳವೆ ಮಾತ್ರ ಉಳಿದಿದೆ.

ಬೇರೊಂದು ಕೊಳವೆಯ ಕಥೆ ಹೀಗಾಗಲಿಲ್ಲ. ಕೆನಡಾದ ಡಾಂಬರುಮರಳಿನ ತೈಲವನ್ನು ನೆಬ್ರಾಸ್ಕಕ್ಕೆ ತರಬೇಕಿದ್ದ ಕೀಸ್ಟೋನ್ ಎಕ್ಸ್‌ಎಲ್ ಯೋಜನೆಯನ್ನು ವಿರೋಧಿಸಿ 2011ರ ಆಗಸ್ಟಿನಲ್ಲಿ ಶ್ವೇತಭವನದ ಮುಂದೆ ಧರಣಿ ಕೂತ ಸಾವಿರದ ಇನ್ನೂರಕ್ಕೂ ಹೆಚ್ಚು ಜನ ಬಂಧನಕ್ಕೊಳಗಾದರು. ಅವರಲ್ಲಿ ಅನೇಕರು ಒಬಾಮಾಗೆ ಮತ ಹಾಕಿದವರೇ. ಕೊಳವೆ ಹಾಯಬೇಕಿದ್ದ ನೆಲದಲ್ಲಿ ಮೂಲನಿವಾಸಿ ಬುಡಕಟ್ಟಿನವರೂ, ರಿಪಬ್ಲಿಕನ್ ಪಕ್ಷದ ಮತದಾರರಾದ ದನಗಾಹಿ ರೈತರೂ ಒಟ್ಟಿಗೆ ನಿಂತರು. ನಾಲ್ಕು ವರ್ಷಗಳ ನಂತರ, 2015ರ ನವೆಂಬರಿನಲ್ಲಿ ಒಬಾಮಾ ಅನುಮತಿ ನಿರಾಕರಿಸಿದರು. 2017ರಲ್ಲಿ ಟ್ರಂಪ್ ಅನುಮತಿ ಕೊಟ್ಟರು. ರೈತರೂ ಬುಡಕಟ್ಟುಗಳೂ ನ್ಯಾಯಾಲಯಗಳಲ್ಲಿ ಅದನ್ನು ಎಳೆದಾಡುತ್ತಲೇ ಇದ್ದರು, ಟ್ರಂಪ್ ಅವರ ನಾಲ್ಕು ವರ್ಷಗಳು ಮುಗಿದರೂ ಕೊಳವೆ ಪೂರ್ಣಗೊಳ್ಳಲಿಲ್ಲ. 2021ರ ಜನವರಿ 20ರಂದು, ಅಧಿಕಾರ ವಹಿಸಿದ ದಿನವೇ, ಬೈಡನ್ ಆ ಅನುಮತಿಯನ್ನು ಹಿಂತೆಗೆದುಕೊಂಡರು. ಅದೇ ವರ್ಷದ ಜೂನ್‌ನಲ್ಲಿ ಕಂಪೆನಿ ಯೋಜನೆಯನ್ನು ಕೈಬಿಟ್ಟಿತು.